ಬಿಸಿಲಿಲ್ಲದ ಆಷಾಢದಲ್ಲಿ ಕಟ್ಟಿದ ಎಕ್ಸ್‌ಪೋಷರ್ ಪೆಟ್ಟಿಗೆ

ಚಿಕ್ಕಮಗಳೂರಿನ ಪೇಟೆಯೊಳಗಿನ ಓಣಿಯೊಂದರಲ್ಲಿ ನಮ್ಮ ಮನೆಯವರು ನಡೆಸುವ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಿದೆ. ಲಗ್ನಪತ್ರಿಕೆ, ಕಾಫಿ ಪುಡಿಯ ಪೊಟ್ಟಣ, ಬಟ್ಟೆ ಅಂಗಡಿಯ ಕೈಚೀಲ ಹೀಗೆ ಬಂದದ್ದನ್ನೆಲ್ಲ ಅಚ್ಚು ಹಾಕಿಕೊಡುತ್ತೇವೆ. ಆದರೆ ವರ್ಷದ ಹೆಚ್ಚಿನ ಕೆಲಸ ಮದುವೆ ಮನೆಯ ತಾಂಬೂಲದ ಚೀಲದ್ದು. ಆಷಾಢದಲ್ಲಿ ಮದುವೆಗಳಿಲ್ಲದ ಕಾರಣ ಅಂಗಡಿ ತಣ್ಣಗಿರುತ್ತದೆ, ಶ್ರಾವಣ ಹುಟ್ಟಿದ ಕೂಡಲೇ ವಧೂವರರ ಹೆಸರು ಬರೆದ ಚೀಟಿಗಳು ಒಂದರ ಹಿಂದೊಂದು ಬರತೊಡಗುತ್ತವೆ. ತೊಂದರೆಯೆಂದರೆ, ಆ ಹೊತ್ತಿಗೂ ಮುಳ್ಳಯ್ಯನಗಿರಿಯ ಕಡೆಯಿಂದ ಇಳಿದ ಮೋಡ ಊರಿನ ಮೇಲೆ ಕೂತೇ ಇರುತ್ತದೆ, ನಾವು ಸ್ಕ್ರೀನುಗಳನ್ನು ಎಕ್ಸ್‌ಪೋಸ್ ಮಾಡುತ್ತಿದ್ದುದು ಮಹಡಿಯ ಮೇಲಿನ ಬಿಸಿಲಿನಲ್ಲಿ. ಸ್ಕ್ರೀನ್ ಎಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆ, ಅಂದರೆ ಮೆಶ್. ಅದಕ್ಕೆ ಎಮಲ್ಶನ್ ಎಂಬ ಲೇಪ ಬಳಿದು ಬೆಳಕಿಗೆ ಒಡ್ಡುವುದೇ ಎಕ್ಸ್‌ಪೋಸ್ ಮಾಡುವುದು: ಬೆಳಕು ಬಿದ್ದ ಕಡೆ ಲೇಪ ಗಟ್ಟಿಯಾಗುತ್ತದೆ, ಕಪ್ಪು ಅಕ್ಷರದ ಮರೆಯಲ್ಲಿ ಉಳಿದದ್ದು ತೊಳೆದುಹೋಗಿ ಬಣ್ಣ ಇಳಿಯಲು ದಾರಿಯಾಗುತ್ತದೆ.

ಈ ಅಂಗಡಿ ತೆರೆದವರು ನನ್ನ ದೊಡ್ಡಪ್ಪ. ಅವರ ಕಾಲದ ಪದ್ಧತಿ ಸರಳವಾಗಿತ್ತು. ಫೆವಿಕಾಲಿಗೆ ಅಮೋನಿಯಂ ಬೈಕ್ರೋಮೇಟಿನ ಕಿತ್ತಳೆ ಬಣ್ಣದ ದ್ರಾವಣವನ್ನು ಬೆರೆಸಿ, ಕತ್ತಲೆ ಕೋಣೆಯಲ್ಲಿ ಮೆಶ್ಶಿನ ಮೇಲೆ ಎಳೆದು ಒಣಗಿಸಿ, ಪಾಸಿಟಿವ್, ಅಂದರೆ ಅಕ್ಷರ, ಚಿತ್ರಗಳನ್ನು ಕಪ್ಪಾಗಿ ಮೂಡಿಸಿದ ಬೆಳಕು ಹಾಯುವ ಹಾಳೆ, ಹಚ್ಚಿ, ಅದರ ಮೇಲೊಂದು ಗಾಜು ಹೇರಿ, ಕಪ್ಪು ಬಟ್ಟೆ ಮುಚ್ಚಿಕೊಂಡು ಮಹಡಿ ಹತ್ತುತ್ತಿದ್ದರು. ಬಿಸಿಲಿನ ಬಣ್ಣ ನೋಡಿ ‘ಇವತ್ತು ಎರಡು ನಿಮಿಷ’, ‘ಇವತ್ತು ಮೂರೂವರೆ’ ಎಂದು ಅವರು ಹೇಳುತ್ತಿದ್ದ ಅಂದಾಜು ಫೆಬ್ರವರಿಯಲ್ಲಿ ತಪ್ಪಿದ್ದು ನನಗೆ ನೆನಪಿಲ್ಲ, ಜುಲೈಯಲ್ಲಿ ಸರಿಹೋದದ್ದೂ ನೆನಪಿಲ್ಲ. ಬೈಕ್ರೋಮೇಟಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರಿಗೆ ಕಾರಣವಾಗುವ ವಿಷ. ದೊಡ್ಡಪ್ಪನ ಬೆರಳ ಸಂದುಗಳಲ್ಲಿ ಎಷ್ಟೋ ವರ್ಷ ಒಡಕು ಮಾಯಲಿಲ್ಲ. ಆದ್ದರಿಂದ ಕೆಲಸ ನನ್ನ ಕೈಗೆ ಬಂದ ಮೊದಲ ವರ್ಷವೇ ಅದನ್ನು ಬಿಟ್ಟು ಡಯಾಜೊ ಎಮಲ್ಶನ್ನಿಗೆ ಬದಲಾಯಿಸಿದೆ. ರಾಸಾಯನಿಕ ಬದಲಾಯಿತು, ಬಿಸಿಲಿನ ಹಂಗು ಮಾತ್ರ ಉಳಿಯಿತು. ಕಳೆದ ಆಷಾಢದ ಬಿಡುವಿನಲ್ಲಿ ಆ ಹಂಗನ್ನೂ ಕಳಚಲೆಂದು ಒಂದು ಪೆಟ್ಟಿಗೆ ಕಟ್ಟಲು ಕೂತೆ. ಎರಡು ವಾರದಲ್ಲಿ ಮುಗಿಯಬೇಕಿದ್ದ ಕೆಲಸ ಐದು ವಾರ ಹಿಡಿಯಿತು. ಹೆಚ್ಚಿನ ಮೂರು ವಾರ ಹೋದದ್ದು, ಎಮಲ್ಶನ್ ನೋಡುವ ಬೆಳಕು ಬೇರೆ, ನನ್ನ ಕಣ್ಣು ನೋಡುವ ಬೆಳಕು ಬೇರೆ ಎಂಬ ಒಂದೇ ಸಂಗತಿಯನ್ನು ಮತ್ತೆ ಮತ್ತೆ ಮರೆತದ್ದರಿಂದ.

ಪೆಟ್ಟಿಗೆಯ ವಿಷಯಕ್ಕೆ ಹೋಗುವ ಮೊದಲು, ಸ್ಕ್ರೀನಿನ ಮೇಲೆ ನಿಜವಾಗಿ ಏನು ನಡೆಯುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಮುಂದಿನ ಪ್ರತಿಯೊಂದು ತಪ್ಪಿಗೂ ಕಾರಣ ಅಲ್ಲಿಯೇ ಇದೆ. ಡಯಾಜೊ ಎಮಲ್ಶನ್ನಿನ ಮೂಲವಸ್ತು ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರ್. ಸಾವಿರಾರು ಕೊಂಡಿಗಳ ಉದ್ದನೆಯ ಸರಪಳಿಗಳು ಅದರಲ್ಲಿ ಒಂದರೊಡನೊಂದು ಸಿಕ್ಕು ಬಿದ್ದಿರುತ್ತವೆ, ಆದರೆ ಒಂದಕ್ಕೊಂದು ಕಟ್ಟಿಕೊಂಡಿರುವುದಿಲ್ಲ. ಹೀಗಾಗಿ ನೀರು ಬಿದ್ದರೆ ಬೇಯಿಸಿದ ಶಾವಿಗೆಯ ಎಳೆಗಳು ಬಿಡಿಸಿಕೊಂಡಂತೆ ಬಿಡಿಸಿಕೊಂಡು ಕರಗಿ ಹೋಗುತ್ತವೆ. ಇದಕ್ಕೆ ಡಯಾಜೊ ರಾಳವನ್ನು ಬೆರೆಸುತ್ತೇವೆ. ಅದರ ಪ್ರತಿ ಅಣುವಿನಲ್ಲಿಯೂ ಒಂದಕ್ಕಿಂತ ಹೆಚ್ಚು ಡಯಾಜೊ ಗುಂಪುಗಳಿರುತ್ತವೆ, ಪ್ರತಿ ಗುಂಪಿನಲ್ಲಿಯೂ ಎರಡು ನೈಟ್ರೊಜನ್ ಪರಮಾಣುಗಳು ಸಡಿಲವಾಗಿ ತಗುಲಿಕೊಂಡಿರುತ್ತವೆ. ತಕ್ಕ ಬೆಳಕಿನ ಒಂದು ಫೋಟಾನನ್ನು, ಅಂದರೆ ಬೆಳಕಿನ ಒಂದು ಕಣವನ್ನು, ಹೀರಿದೊಡನೆ ಆ ಜೋಡಿ ನೈಟ್ರೊಜನ್ ಅನಿಲವಾಗಿ ಕಳಚಿಕೊಳ್ಳುತ್ತದೆ. ಅದು ಬಿಟ್ಟುಹೋದ ಜಾಗ ಕ್ಷಣಕಾಲವೂ ಸುಮ್ಮನಿರಲಾರದೆ, ಹತ್ತಿರದ ಪಾಲಿವಿನೈಲ್ ಆಲ್ಕೊಹಾಲಿನ ಸರಪಳಿಯನ್ನು ಹಿಡಿದುಕೊಳ್ಳುತ್ತದೆ. ಅದೇ ರಾಳದ ಇನ್ನೊಂದು ತುದಿ ಇನ್ನೊಂದು ಸರಪಳಿಯನ್ನು ಹಿಡಿದರೆ, ಎರಡು ಸರಪಳಿಗಳ ನಡುವೆ ಒಂದು ಅಡ್ಡಬಂಧ ಬಿದ್ದಂತಾಯಿತು.

ಇಂತಹ ಬಂಧಗಳು ಎಷ್ಟು ಬೇಕು ಎಂಬುದು ನನಗೆ ಬಹಳ ಹಿಡಿಸಿದ ಲೆಕ್ಕ. ಪ್ರತಿ ಕೊಂಡಿಗೂ ಒಂದೊಂದು ಬೇಕಾಗಿಲ್ಲ. ಸರಾಸರಿಯಲ್ಲಿ ಸರಪಳಿಗೊಂದು ಗಂಟು ಬೀಳುವ ಆಸುಪಾಸಿನಲ್ಲಿಯೇ ಇಡೀ ಪದರದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಹಬ್ಬಿದ ಬಲೆಯೊಂದು ಹುಟ್ಟಿಬಿಡುತ್ತದೆ ಎಂಬುದನ್ನು ಪಾಲ್ ಫ್ಲೋರಿ, ವಾಲ್ಟರ್ ಸ್ಟಾಕ್‌ಮೇಯರ್ ಅವರು 1940ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದಕ್ಕೆ ಒಂದು ಕೂದಲೆಳೆಯಷ್ಟು ಮೊದಲು ಎಲ್ಲವೂ ನೀರಿಗೆ ಕರಗುತ್ತದೆ. ಅದನ್ನು ದಾಟಿದ ಮೇಲೆ ಬಲೆ ನೀರು ಕುಡಿದು ಉಬ್ಬಬಹುದೇ ಹೊರತು ಕರಗಲಾರದು. ಕರಗುವುದಕ್ಕೂ ಕರಗದಿರುವುದಕ್ಕೂ ನಡುವೆ ಇರುವ ಗೆರೆ ಇಷ್ಟು ತೆಳ್ಳಗಿರುವುದರಿಂದಲೇ ಕಪ್ಪು ಅಕ್ಷರದ ಅಂಚು ಸ್ಕ್ರೀನಿನ ಮೇಲೆ ಕತ್ತರಿಸಿದಂತೆ ಮೂಡುತ್ತದೆ.

ಈ ಗುಣವನ್ನು ಮನುಷ್ಯರು ಗುರುತಿಸಿ ಇನ್ನೂರು ವರ್ಷಗಳಾದವು. ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1820ರ ದಶಕದಲ್ಲಿ ಲೋಹದ ತಗಡಿಗೆ ಬಿಟುಮೆನ್ ಬಳಿದು ಬೆಳಕಿಗೆ ಒಡ್ಡಿದಾಗ, ಬೆಳಕು ತಾಗಿದ ಭಾಗ ಲ್ಯಾವೆಂಡರ್ ಎಣ್ಣೆಗೂ ಕರಗದಷ್ಟು ಗಟ್ಟಿಯಾಯಿತು. ಬೈಕ್ರೋಮೇಟ್ ಬೆರೆಸಿದ ಜೆಲಟಿನ್ ಬೆಳಕಿಗೆ ಗಟ್ಟಿಯಾಗುವುದನ್ನು ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1852ರಲ್ಲಿ ಅಚ್ಚುತಗಡು ಕೆತ್ತುವುದಕ್ಕೆ ಬಳಸಿದರು. ದೊಡ್ಡಪ್ಪ ಮಹಡಿಯ ಮೇಲೆ ಮಾಡುತ್ತಿದ್ದುದು ಅದರ ನೇರ ವಂಶದ ಕೆಲಸ. ಅಲ್ಲಿ ಬೆಳಕು ಆರು ವೇಲೆನ್ಸಿಯ ಕ್ರೋಮಿಯಮ್ಮನ್ನು ಮೂರಕ್ಕೆ ಇಳಿಸುತ್ತದೆ, ಇಳಿದ ಕ್ರೋಮಿಯಂ ಸರಪಳಿಗಳನ್ನು ಕಟ್ಟುತ್ತದೆ.

ಈಗ ಫೋಟಾನಿನ ವಿಷಯ. ಹೀರಲ್ಪಟ್ಟ ಬೆಳಕು ಮಾತ್ರವೇ ರಾಸಾಯನಿಕ ಬದಲಾವಣೆ ತರಬಲ್ಲದು ಎಂಬ ನಿಯಮವನ್ನು ಗ್ರೋಥಸ್ 1817ರಲ್ಲಿಯೂ ಡ್ರೇಪರ್ 1842ರಲ್ಲಿಯೂ ಹೇಳಿದ್ದಾರೆ. ಡಯಾಜೊ ಎಮಲ್ಶನ್ ಹೆಚ್ಚಾಗಿ ಹೀರುವುದು 370 ನ್ಯಾನೊಮೀಟರ್ ತರಂಗಾಂತರದ ಸುತ್ತಮುತ್ತಲಿನ, ಅಂದರೆ ನಮ್ಮ ಕಣ್ಣಿಗೆ ಬಹುಮಟ್ಟಿಗೆ ಕಾಣದ ಅತಿನೇರಳೆ ಬೆಳಕನ್ನು. 365 ನ್ಯಾನೊಮೀಟರಿನ ಫೋಟಾನುಗಳ ಶಕ್ತಿ ಒಂದು ಮೋಲಿಗೆ ಸುಮಾರು 328 ಕಿಲೊಜೂಲ್. 590 ನ್ಯಾನೊಮೀಟರಿನ ಹಳದಿ ಬೆಳಕಿನದು ಸುಮಾರು 203. ಹಳದಿ ಫೋಟಾನುಗಳನ್ನು ಎಮಲ್ಶನ್ ಹೀರುವುದೇ ಇಲ್ಲ. ಆದುದರಿಂದ ಕೋಣೆಯ ತುಂಬ ಹಳದಿ ದೀಪ ಉರಿಸಿಕೊಂಡು ನಿಶ್ಚಿಂತೆಯಿಂದ ಕೋಟಿಂಗ್ ಮಾಡಬಹುದು. ನೂರು ಮಕ್ಕಳು ಒಬ್ಬೊಬ್ಬರಾಗಿ ತಳ್ಳಿದರೂ ಅಲುಗದ ಬಂಡೆಯನ್ನು ಒಬ್ಬ ಗಟ್ಟಿ ಆಳು ಉರುಳಿಸಿದಂತೆ, ಇಲ್ಲಿ ಎಣಿಕೆಗೆ ಬರುವುದು ಬೆಳಕಿನ ಒಟ್ಟು ಪ್ರಮಾಣವಲ್ಲ, ಒಂದೊಂದು ಫೋಟಾನಿನ ಯೋಗ್ಯತೆ. ಇದನ್ನೆಲ್ಲ ಓದಿ, ಬರೆದಿಟ್ಟುಕೊಂಡು, ಆಮೇಲೆಯೇ ಕೆಲಸ ಶುರುಮಾಡಿದೆ. ಆದರೂ ತಪ್ಪಿದೆ.

ಮೊದಲ ಪ್ರಯತ್ನ ಎಲ್‌ಇಡಿ ಪಟ್ಟಿಯದು. ನೇರಳೆ ಬಣ್ಣಕ್ಕೆ ಹೊಳೆಯುವ, ಪೊಟ್ಟಣದ ಮೇಲೆ 395ರಿಂದ 405 ನ್ಯಾನೊಮೀಟರ್ ಎಂದು ಬರೆದಿದ್ದ, ಐದು ಮೀಟರಿನ ಮೂರು ಸುರುಳಿಗಳನ್ನು ತರಿಸಿ, ಪ್ಲೈವುಡ್ ಹಲಗೆಯ ಮೇಲೆ ಒತ್ತೊತ್ತಾಗಿ ಅಂಟಿಸಿದೆ. ಹಚ್ಚಿದಾಗ ಕೋಣೆಯೆಲ್ಲ ಜಾತ್ರೆಯ ಅಂಗಡಿಯಂತೆ ಬೆಳಗಿತು. ಅಷ್ಟು ಪ್ರಖರವಾದ ಬೆಳಕಿನಲ್ಲಿ ಹನ್ನೆರಡು ನಿಮಿಷ ಇಟ್ಟ ಸ್ಕ್ರೀನನ್ನು ತೊಳೆದರೆ ಅಕ್ಷರಗಳ ಜೊತೆಗೆ ಸುತ್ತಲಿನ ಪದರವೂ ಇಳಿದುಹೋಯಿತು. ಇಪ್ಪತ್ತೈದು ನಿಮಿಷ ಇಟ್ಟಾಗ ಪದರ ನಿಂತಿತು, ಆದರೆ ತೊಳೆದ ಸ್ಕ್ರೀನನ್ನು ಕಿಟಕಿಗೆ ಹಿಡಿದು ನೋಡಿದರೆ ಪ್ರತಿ ಎಲ್‌ಇಡಿಯ ಎದುರು ಗಟ್ಟಿಯಾದ ಚುಕ್ಕೆ, ನಡುವೆ ತೆಳುವಾದ ಪಟ್ಟೆ ಕಂಡಿತು. ಕಾರಣ ಎರಡು. 400ರ ಹತ್ತಿರ ಡಯಾಜೊ ಹೀರುವ ಶಕ್ತಿ ಇಳಿಮುಖವಾಗಿರುತ್ತದೆ, ಬಿದ್ದ ಬೆಳಕಿನ ಹೆಚ್ಚಿನ ಪಾಲು ಕೆಲಸ ಮಾಡದೆಯೇ ಪದರವನ್ನು ದಾಟಿ ಹೋಗುತ್ತದೆ. ಇನ್ನು ಪಟ್ಟಿಯನ್ನು ಗಾಜಿಗೆ ತೀರ ಹತ್ತಿರ ಇಟ್ಟದ್ದರಿಂದ ಒಂದೊಂದು ಬೀಜದ ಬೆಳಕೂ ಬೇರೆಬೇರೆಯಾಗಿಯೇ ಬಿತ್ತು. ರಾಳದ ತ್ರೀಡಿ ಪ್ರಿಂಟರಿಗೆ 405ರ ಬೆಳಕು ಸಾಕಾಗುತ್ತದೆ, ಏಕೆಂದರೆ ಅಲ್ಲಿನ ರಾಳಕ್ಕೆ ಆ ಬೆಳಕನ್ನು ಹೀರುವ ಪದಾರ್ಥವನ್ನೇ ಬೆರೆಸಿರುತ್ತಾರೆ. ಹಲ್ಲಿನ ವೈದ್ಯರು ಹುಳುಕು ತುಂಬುವಾಗ ಹಿಡಿಯುವ ನೀಲಿ ಬೆಳಕು 470ರ ಸುತ್ತಮುತ್ತಲಿನದು, ಅದನ್ನು ಹೀರುವುದಕ್ಕೆ ಅಲ್ಲಿ ಕ್ಯಾಂಫರ್‌ಕ್ವಿನೋನ್ ಇರುತ್ತದೆ. ಬೀಗಕ್ಕೆ ತಕ್ಕ ಕೈ ಬೇಕು. ನನ್ನ ಬೀಗ 370ರದು.

ಆ ಕೈ ಸಿಕ್ಕಿದ್ದು ಬೇಕರಿಯಲ್ಲಿ. ಸಂಜೆ ಬನ್ ತರಲು ಹೋದಾಗ ಗಾಜಿನ ಕಪಾಟಿನ ಮೇಲೆ ತೂಗುಹಾಕಿದ್ದ ನೊಣ ಹಿಡಿಯುವ ಯಂತ್ರ ಕಣ್ಣಿಗೆ ಬಿತ್ತು. ನೊಣಗಳು ಚೆನ್ನಾಗಿ ಕಾಣುವುದೂ ಹತ್ತಿರ ಸುಳಿಯುವುದೂ 365ರ ಆಸುಪಾಸಿನ ಬೆಳಕಿಗೆ, ಆದ್ದರಿಂದ ಅದರೊಳಗಿನ ಟ್ಯೂಬು ನನಗೆ ಬೇಕಾದ ಬೆಳಕನ್ನೇ ಕೊಡುತ್ತದೆ. ನೋಡುವುದಕ್ಕೆ ಅದು ಮಂಕಾದ ನೀಲಿ, ಎಲ್‌ಇಡಿ ಪಟ್ಟಿಯ ಎದುರು ಇಟ್ಟರೆ ಉರಿಯುತ್ತಿದೆಯೋ ಇಲ್ಲವೋ ಎಂಬಷ್ಟು ಬಡಕಲು. ಎರಡು ಅಡಿಯ, 20 ವ್ಯಾಟಿನ ಇಂತಹ ಎಂಟು ಟ್ಯೂಬುಗಳನ್ನು ಎಲೆಕ್ಟ್ರಿಕಲ್ ಅಂಗಡಿಗೆ ಹೇಳಿ ತರಿಸಿದೆ. ಮನೆಮನೆಯಲ್ಲಿಯೂ ಎಲ್‌ಇಡಿ ಬಂದಮೇಲೆ ಹಳೆಯ ಟ್ಯೂಬ್‌ಲೈಟಿನ ಪಟ್ಟಿಗಳು ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿವೆ. ಅಲ್ಲಿಂದ ಎಂಟು ಪಟ್ಟಿ ಆರಿಸಿ ತಂದು, ಕೆಟ್ಟ ಚೋಕುಗಳನ್ನು ಕಿತ್ತು, ಎಲೆಕ್ಟ್ರಾನಿಕ್ ಚೋಕು ಹಾಕಿಕೊಂಡೆ.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಅಂಗಡಿಯವನು ಮೊದಲು ಕೊಡಲು ಹೊರಟದ್ದು ಕ್ರಿಮಿನಾಶಕ ಟ್ಯೂಬುಗಳನ್ನು, ಕೊರೋನಾ ಕಾಲದಲ್ಲಿ ತರಿಸಿ ಉಳಿದವುಗಳನ್ನು. ಅವುಗಳ ಗಾಜು ಒಳಗೆ ಬಿಳಿ ಲೇಪವಿಲ್ಲದೆ ತಿಳಿಯಾಗಿರುತ್ತದೆ, ಅವು ಕೊಡುವುದು 254 ನ್ಯಾನೊಮೀಟರಿನ ಬೆಳಕು. ಅದು ಕಣ್ಣನ್ನೂ ಚರ್ಮವನ್ನೂ ನಿಮಿಷಗಳಲ್ಲಿ ಸುಡಬಲ್ಲದು. ಮೇಲಾಗಿ ಸಾಧಾರಣ ಕಿಟಕಿಗಾಜನ್ನು ದಾಟುವುದೇ ಇಲ್ಲವಾದ ಕಾರಣ ನಮ್ಮ ಕೆಲಸಕ್ಕೂ ಬಾರದು. ಎರಡೂ ‘ಯುವಿ ಟ್ಯೂಬ್’ ಎಂಬ ಒಂದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ನೊಣದ ಟ್ಯೂಬಿನ ಬೆಳಕನ್ನೂ ನೆಟ್ಟ ದೃಷ್ಟಿಯಿಂದ ನೋಡಬಾರದು ಎಂಬ ಕಾರಣಕ್ಕೆ, ಮುಚ್ಚಳ ತೆರೆದರೆ ದೀಪ ಆರುವಂತೆ ಪೆಟ್ಟಿಗೆಗೆ ಒಂದು ಸಣ್ಣ ಸ್ವಿಚ್ ಕೂರಿಸಿದ್ದೇನೆ.

ಪೆಟ್ಟಿಗೆಯನ್ನು 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಕಟ್ಟಿದೆ. ಟ್ಯೂಬುಗಳ ನಡುವಿನ ಅಂತರ 65 ಮಿಲಿಮೀಟರ್, ಟ್ಯೂಬಿನಿಂದ ಗಾಜಿಗೆ 130 ಮಿಲಿಮೀಟರ್. ಗಾಜಿನ ದೂರ ಟ್ಯೂಬುಗಳ ಅಂತರಕ್ಕಿಂತ ಕಡಿಮೆಯಾದರೆ ಎಲ್‌ಇಡಿಯಲ್ಲಿ ಕಂಡ ಪಟ್ಟೆಗಳೇ ಮತ್ತೆ ಕಾಣುತ್ತವೆ. ಎರಡರಷ್ಟಾದರೆ ಪಕ್ಕಪಕ್ಕದ ಬೆಳಕುಗಳು ಬೆರೆತು ಸಮನಾಗುತ್ತವೆ.

ಎರಡನೆಯ ತಪ್ಪು ಪೇಂಟಿನದು, ಇದನ್ನು ನಾನು ಸುಲಭವಾಗಿ ಮರೆಯಲಾರೆ. ಬೆಳಕು ಪೋಲಾಗಬಾರದೆಂದು ಪೆಟ್ಟಿಗೆಯ ಒಳಮೈಗೆಲ್ಲ ಹೊಳೆಯುವ ಬಿಳಿ ಎನಾಮಲ್ ಪೇಂಟನ್ನು ಎರಡು ಕೋಟು ಬಳಿದೆ. ಹಾಲಿನಂತೆ ಬೆಳ್ಳಗಾದ ಪೆಟ್ಟಿಗೆಯನ್ನು ಮನೆಯವರೆಲ್ಲ ಬಂದು ನೋಡಿ ಮೆಚ್ಚಿದರು. ಪರೀಕ್ಷೆಗೆಂದು ಪೆಟ್ಟಿಗೆಯ ಗೋಡೆಯ ಒಂದು ಬದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಅಂಟಿಸಿ ಎಕ್ಸ್‌ಪೋಸ್ ಮಾಡಿದಾಗ, ಹಾಳೆಯಿದ್ದ ಕಡೆಯ ಅಂಚು ಗಟ್ಟಿಯಾಗಿ ನಿಂತಿತು, ಬಿಳಿ ಗೋಡೆಯ ಕಡೆಯದು ತೊಳೆದು ಹೋಯಿತು. ಬಿಳಿ ಪೇಂಟಿಗೆ ಬಿಳುಪು ಕೊಡುವುದು ಟೈಟೇನಿಯಂ ಡೈಆಕ್ಸೈಡ್. ಅದು ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಚೆಲ್ಲಿ ಹಿಂದಕ್ಕೆ ಕಳಿಸುತ್ತದೆ, ಆದರೆ ಸುಮಾರು 400ಕ್ಕಿಂತ ಕೆಳಗಿನ ಬೆಳಕನ್ನು ಹೀರಿಕೊಳ್ಳುತ್ತದೆ. ಬಿಸಿಲಿಗೆ ಹಚ್ಚುವ ಕ್ರೀಮುಗಳಲ್ಲಿ ಅದನ್ನು ಬಳಸುವುದೂ ಈ ಗುಣಕ್ಕಾಗಿಯೇ. ಅಂದರೆ ನಾನು ಬೆಳ್ಳಗೆ ಕಾಣುವ ಪೆಟ್ಟಿಗೆಯನ್ನು, ಎಮಲ್ಶನ್ನಿನ ಲೆಕ್ಕದಲ್ಲಿ, ಮಸಿ ಬಳಿದು ಕೊಟ್ಟಿದ್ದೆ. ಅಲ್ಯೂಮಿನಿಯಂ ಅತಿನೇರಳೆ ಬೆಳಕನ್ನೂ ಚೆನ್ನಾಗಿ ಪ್ರತಿಫಲಿಸುವ ಲೋಹ. ಒಳಗೋಡೆ, ತಳ ಎಲ್ಲಕ್ಕೂ ತೆಳು ಅಲ್ಯೂಮಿನಿಯಂ ತಗಡನ್ನು ಹೊಡೆದು, ಪ್ರತಿ ತಗಡಿಗೂ ಅರ್ತಿಂಗ್ ತಂತಿ ಎಳೆದೆ.

ಮೂರನೆಯದು ಗಾಜಿನ ಬದಲು ಹಾಕಿದ ಹಾಳೆಯದು. ಪರಿಚಯದ ತೋಟದವರು ಕಾಫಿ ಒಣಗಿಸುವ ಕಣಕ್ಕೆ ಪಾಲಿಕಾರ್ಬೊನೇಟ್ ಮಾಡು ಹಾಕಿಸಿ ಉಳಿದ ತುಂಡೊಂದನ್ನು ಕೊಟ್ಟಿದ್ದರು. ಒಡೆಯುವುದಿಲ್ಲ, ಹಗುರ, ನೀರಿನಂತೆ ತಿಳಿ. ಇದಕ್ಕಿಂತ ಒಳ್ಳೆಯದು ಏನಿದೆ ಎಂದುಕೊಂಡು ಪೆಟ್ಟಿಗೆಯ ಮೇಲೆ ಹಾಸಿದೆ. ಎಂಟು ನಿಮಿಷದ ನಂತರ ತೊಳೆಯುವಾಗ ಹೊರಬದಿ ಸರಿಯಾಗಿಯೇ ಇತ್ತು. ಒಳಬದಿಗೆ, ಅಂದರೆ ಬಣ್ಣ ಒತ್ತುವ ರಬ್ಬರ್ ಪಟ್ಟಿಯಾದ ಸ್ಕ್ವೀಜಿಯನ್ನು ಎಳೆಯುವ ಬದಿಗೆ ಬೆರಳಿಟ್ಟರೆ ಬಸಳೆ ಸೊಪ್ಪಿನ ಲೋಳೆಯಂತೆ ಜಾರಿತು. ಬೆರಳನ್ನು ಎಳೆದ ಕಡೆ ಹಸಿರು ಬಣ್ಣ ಬೆರಳಿಗೆ ಬಂತು, ನೀರು ಬಿಟ್ಟಂತೆಲ್ಲ ಒಳಗಿನಿಂದ ತೆಳುವಾಗುತ್ತ ಹೋಗಿ ‘ಶ್ರೀ’ಯ ಸುತ್ತಲಿನ ಪದರ ಸಿಪ್ಪೆಯಂತೆ ಎದ್ದುಬಂತು.

ಈ ಲೋಳೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಸ್ಕ್ರೀನ್ ಹಾಳಾಗುವ ಹತ್ತು ಸಂದರ್ಭಗಳಲ್ಲಿ ಏಳರಲ್ಲಿ ನನಗೆ ಸುಳಿವು ಕೊಟ್ಟದ್ದು ಇದೇ. ಬೆಳಕು ಪದರದೊಳಗೆ ಇಳಿಯುತ್ತ ಹೋದಂತೆ ಕ್ಷೀಣಿಸುತ್ತದೆ. ಪದರದ ಮೊದಲರ್ಧ ಅರ್ಧ ಬೆಳಕನ್ನು ಹೀರಿದರೆ, ಎರಡನೆಯರ್ಧ ಉಳಿದುದರಲ್ಲಿ ಅರ್ಧವನ್ನು ಹೀರುತ್ತದೆ, ಹಿಂಬದಿಗೆ ಮುಟ್ಟುವುದು ಕಾಲುಭಾಗ ಮಾತ್ರ. ಹೀಗಾಗಿ ಗಾಜಿನ ಕಡೆಯ ಮೈಯಲ್ಲಿ ಬಲೆ ಕಟ್ಟಿ ಮುಗಿದಿದ್ದರೂ ಹಿಂದಿನ ಮೈಯಲ್ಲಿ ಸರಪಳಿಗಳು ಬಿಡಿಬಿಡಿಯಾಗಿಯೇ ಉಳಿದಿರಬಹುದು. ಮೇಲ್ಮೈ ನೋಡಿ ಎಕ್ಸ್‌ಪೋಷರ್ ಸಾಕೆಂದು ತೀರ್ಮಾನಿಸುವುದು ಅನ್ನದ ಮೇಲಿನ ಅಗುಳನ್ನಷ್ಟೇ ಹಿಸುಕಿ ನೋಡಿದಂತೆ. ಡಯಾಜೊದಲ್ಲಿ ಒಂದು ಅನುಕೂಲವೂ ಇದೆ: ಕೆಲಸ ಮುಗಿಸಿದ ಡಯಾಜೊ ತನ್ನ ಹಳದಿ ಬಣ್ಣವನ್ನು ಕಳೆದುಕೊಳ್ಳುತ್ತದೆ, ಆ ಬೆಳಕನ್ನು ಹೀರುವುದನ್ನೂ ಬಹುಮಟ್ಟಿಗೆ ನಿಲ್ಲಿಸುತ್ತದೆ. ಮುಂದಿನ ಸಾಲಿನವರು ಉಂಡೆದ್ದ ಮೇಲೆ ಹಿಂದಿನ ಸಾಲಿಗೆ ಬಡಿಸಿದಂತೆ, ಬೆಳಕು ಆಗ ಇನ್ನಷ್ಟು ಆಳಕ್ಕೆ ಹೋಗುತ್ತದೆ. ಸಮಯ ಕೊಟ್ಟರೆ ಕೊನೆಯ ಸಾಲಿಗೂ ಸಿಗುತ್ತದೆ.

ಹಾಗಿದ್ದರೆ ಎಂಟು ನಿಮಿಷ ಏಕೆ ಸಾಲಲಿಲ್ಲ? ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುವ ವಸ್ತು, ಆದುದರಿಂದ ಮಾಡಿಗೆ ಹಾಕುವ ಹಾಳೆಗಳಿಗೆ ಅತಿನೇರಳೆ ಬೆಳಕನ್ನು ತಡೆಯುವ ಲೇಪ ಕೊಟ್ಟೇ ಮಾರುತ್ತಾರೆ. ನನ್ನ ಪೆಟ್ಟಿಗೆಯ ಬೆಳಕಿನ ಸಾರವನ್ನೆಲ್ಲ ಅದು ನುಂಗಿ, ಪಾದರಸದ ಟ್ಯೂಬು ಜೊತೆಯಲ್ಲಿ ಕೊಡುವ 405, 436ರ ಗೆರೆಗಳನ್ನಷ್ಟೇ ಮೇಲಕ್ಕೆ ಬಿಟ್ಟಿತ್ತು. ಇದನ್ನು ಖಚಿತಪಡಿಸಿಕೊಳ್ಳಲು ಮೀಟರಿನ ಅಗತ್ಯವೇ ಬೀಳಲಿಲ್ಲ. ಡಿಟರ್ಜೆಂಟಿನಲ್ಲಿ ಒಗೆದ ಬಿಳಿ ಬನಿಯನ್ನನ್ನು ಟ್ಯೂಬಿನ ಮುಂದೆ ಹಿಡಿದರೆ, ಪುಡಿಯಲ್ಲಿರುವ ಹೊಳಪುಕಾರಕ ಅತಿನೇರಳೆಯನ್ನು ಹೀರಿ ನೀಲಿಯಾಗಿ ಬೆಳಗುತ್ತದೆ. ನಡುವೆ ಪಾಲಿಕಾರ್ಬೊನೇಟ್ ಹಾಳೆ ತಂದೊಡನೆ ಬನಿಯನ್ ಮಂಕಾಯಿತು. 6 ಮಿಲಿಮೀಟರಿನ ಸಾಧಾರಣ ಗಾಜು ತಂದಾಗ ಬೆಳಗುತ್ತಲೇ ಇತ್ತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಿದ್ದರೆ ಒಂದು ವಾರ ಉಳಿಯುತ್ತಿತ್ತು. ಪೆಟ್ಟಿಗೆ ಕಟ್ಟುವ ಯಾರೇ ಆಗಲಿ, ಬೆಳಕಿನ ದಾರಿಯಲ್ಲಿ ಇಡುವ ಪ್ರತಿ ವಸ್ತುವನ್ನೂ ಬನಿಯನ್ನಿನ ಮುಂದೆ ಹಿಡಿದು ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಗಾಜು ಬಂದಮೇಲೆ ಉಳಿದದ್ದು ಪಾಸಿಟಿವನ್ನು ಸ್ಕ್ರೀನಿಗೆ ಒತ್ತಿ ಹಿಡಿಯುವ ಕೆಲಸ. ಟ್ಯೂಬಿನ ಬೆಳಕು ಸೂರ್ಯನ ಬೆಳಕಿನಂತೆ ಒಂದೇ ದಿಕ್ಕಿನಿಂದ ಬರುವುದಿಲ್ಲ, ಎಲ್ಲ ಕಡೆಯಿಂದಲೂ ಓರೆಯಾಗಿ ಬರುತ್ತದೆ. ಪಾಸಿಟಿವಿಗೂ ಎಮಲ್ಶನ್ನಿಗೂ ನಡುವೆ ಅರ್ಧ ಮಿಲಿಮೀಟರ್ ಸಂದು ಉಳಿದರೂ ಓರೆ ಬೆಳಕು ಕಪ್ಪಿನಡಿಗೆ ನುಗ್ಗಿ ಅಕ್ಷರವನ್ನು ಸಣ್ಣದಾಗಿಸುತ್ತದೆ. ಕನ್ನಡದ ಅಚ್ಚಿಗೆ ಇದು ವಿಶೇಷವಾದ ಕಷ್ಟ. ‘ಲಕ್ಷ್ಮೀ’ ಎಂಬ ಹೆಸರಿನ ಒತ್ತಕ್ಷರದ ತೆಳುಗೆರೆಗಳು, ‘ಜ್ಞ’ದ ಸುರುಳಿಗಳು ಸಣ್ಣ ಗಾತ್ರದಲ್ಲಿ ಮೊದಲು ಮುಚ್ಚಿಹೋಗುತ್ತವೆ. ಪಾಸಿಟಿವಿನ ಮಸಿ ಇರುವ ಮೈಯನ್ನು ಎಮಲ್ಶನ್ನಿಗೆ ತಾಗುವಂತೆ ಇಡಬೇಕು, ಕಾಗದದ ದಪ್ಪವೂ ನಡುವೆ ಬರಬಾರದು. ಸ್ಕ್ರೀನಿನ ಒಳಗೆ ಕಪ್ಪು ಬಟ್ಟೆ ಹಾಸಿ, ಎರಡು ಇಂಚಿನ ಫೋಮ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಆರು ಇಟ್ಟಿಗೆ ಹೇರುತ್ತೇನೆ. ವ್ಯಾಕ್ಯೂಮ್ ಪಂಪಿನಷ್ಟು ಚೆನ್ನಾಗಿಲ್ಲದಿದ್ದರೂ ಚೀಲದ ಅಚ್ಚಿಗೆ ಸಾಕಾಗಿದೆ. ಬಿಳಿ ಮೆಶ್ಶಿನ ಬದಲು ಹಳದಿ ಮೆಶ್ ಹಾಕಿದಾಗ ಅಂಚುಗಳು ಇನ್ನೂ ಚೊಕ್ಕಟವಾದವು. ಬಿಳಿ ಎಳೆಗಳು ಬೆಳಕನ್ನು ಪಕ್ಕಕ್ಕೆ ಸಾಗಿಸುತ್ತವೆ, ಹಳದಿ ಎಳೆಗಳು ಅದನ್ನು ಹೀರಿಬಿಡುತ್ತವೆ.

ಸಮಯ ಗೊತ್ತುಮಾಡಿದ್ದು ರಟ್ಟಿನ ತುಂಡಿನಿಂದ. ಒಂದೇ ಸ್ಕ್ರೀನಿನ ಮೇಲೆ ಒಂದೇ ಹೆಸರನ್ನು ಆರು ಸಲ ಬರೆದ ಪಾಸಿಟಿವ್ ಇಟ್ಟು, ಎರಡು ನಿಮಿಷವಾದೊಡನೆ ಮೊದಲ ಪಟ್ಟಿಯನ್ನು ರಟ್ಟಿನಿಂದ ಮರೆಮಾಡಿ, ಅಲ್ಲಿಂದ ನಿಮಿಷಕ್ಕೊಂದರಂತೆ ರಟ್ಟನ್ನು ಸರಿಸುತ್ತ ಏಳು ನಿಮಿಷದವರೆಗೆ ಹೋದೆ. ತೊಳೆಯುವ ಮೊದಲೇ ಉತ್ತರ ಕಾಣುತ್ತಿತ್ತು. ಎರಡು, ಮೂರು, ನಾಲ್ಕು, ಐದು ನಿಮಿಷಗಳ ಪಟ್ಟಿಗಳ ನಡುವೆ ಹಸಿರು ಹಳದಿಯಿಂದ ತಿಳಿ ಹಸಿರಿಗೆ ತಿರುಗುವ ಮೆಟ್ಟಿಲುಗಳಿದ್ದವು. ಐದರ ಪಟ್ಟಿಗೂ ಆರರ ಪಟ್ಟಿಗೂ ನಡುವೆ ಎಷ್ಟು ಕಣ್ಣು ಕಿರಿದುಮಾಡಿ ಹುಡುಕಿದರೂ ಗೆರೆಯಿರಲಿಲ್ಲ. ಹಳದಿ ಖರ್ಚಾಗಿ ಮುಗಿದಿದೆ, ಇನ್ನು ಬೆಳಕು ಕೊಟ್ಟು ಫಲವಿಲ್ಲ ಎಂದು ಸ್ಕ್ರೀನೇ ಹೇಳಿದಂತಾಯಿತು. ದೊಡ್ಡಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ಅದನ್ನು ನೋಡಿ, ‘ಇದೊಂದು ನನಗೆ ಗೊತ್ತಿದ್ದರೆ ಎಷ್ಟು ಬಿಸಿಲು ಉಳಿಯುತ್ತಿತ್ತು ಮಗ’ ಎಂದರು. ತೊಳೆದಾಗ ಐದು ನಿಮಿಷದ ಪಟ್ಟಿಯ ಒಳಬದಿಯಲ್ಲಿ ಲೋಳೆಯಿರಲಿಲ್ಲ.

ಇಷ್ಟಾದ ಮೇಲೆಯೂ ಮರುದಿನದ ಸ್ಕ್ರೀನ್ ಕೈಕೊಟ್ಟಿತು. ಅದೇ ಪೆಟ್ಟಿಗೆ, ಅದೇ ಐದು ನಿಮಿಷ, ಆದರೂ ಲೋಳೆ. ಹಿಂದಿನ ರಾತ್ರಿಯಿಡೀ ಮಳೆ ಹೊಡೆದಿತ್ತು, ಕೋಣೆಯ ಆರ್ದ್ರತೆಯ ಮಾಪಕ ಶೇ. 88 ತೋರಿಸುತ್ತಿತ್ತು. ಮುಟ್ಟಿದರೆ ಒಣಗಿದಂತಿದ್ದ ಪದರದೊಳಗೆ ನೀರು ಉಳಿದಿತ್ತು. ನೈಟ್ರೊಜನ್ ಬಿಟ್ಟುಹೋದ ಜಾಗ ಹತ್ತಿರ ಸಿಕ್ಕಿದ್ದನ್ನು ಹಿಡಿಯುತ್ತದೆ ಎಂದು ಮೇಲೆ ಹೇಳಿದೆನಲ್ಲ. ಪಕ್ಕದಲ್ಲಿ ನೀರಿನ ಅಣುವಿದ್ದರೆ ಅದನ್ನೇ ಹಿಡಿದು ಫೀನಾಲಾಗಿ ಸುಮ್ಮನಾಗುತ್ತದೆ. ಫೋಟಾನೂ ಖರ್ಚಾಯಿತು, ಡಯಾಜೊವೂ ಖರ್ಚಾಯಿತು, ಅಡ್ಡಬಂಧ ಬೀಳಲಿಲ್ಲ. ಬಣ್ಣ ಮಾತ್ರ ಸರಿಯಾಗಿಯೇ ತಿಳಿಯಾಗಿರುತ್ತದೆ, ಆದ್ದರಿಂದ ರಟ್ಟಿನ ಪರೀಕ್ಷೆಯೂ ಇಲ್ಲಿ ಮೋಸಹೋಗುತ್ತದೆ. ಎಷ್ಟು ನಿಮಿಷ ಹೆಚ್ಚಿಸಿದರೂ ಇದಕ್ಕೆ ಪರಿಹಾರವಿಲ್ಲ. ಹಳೆಯ ಬಟ್ಟೆ ಬೀರುವಿಗೆ 60 ವ್ಯಾಟಿನ ಎರಡು ಬಲ್ಬನ್ನು ಹಳದಿ ಕಾಗದದ ಮರೆಯಲ್ಲಿಟ್ಟು, ಗಾಳಿ ಆಡಲು ಕಂಪ್ಯೂಟರಿನ ಫ್ಯಾನು ಹಾಕಿ ಒಣಗಿಸುವ ಕಪಾಟು ಮಾಡಿದೆ. ಒಳಗಿನ ಆರ್ದ್ರತೆ ಶೇ. 45ರ ಕೆಳಗಿಳಿಯುತ್ತದೆ, ಶಾಖ 40 ಡಿಗ್ರಿ ಮೀರದಂತೆ ನೋಡಿಕೊಳ್ಳುತ್ತೇನೆ, ಏಕೆಂದರೆ ಹೆಚ್ಚು ಬಿಸಿಯಾದರೆ ಡಯಾಜೊ ಬೆಳಕಿಲ್ಲದೆಯೂ ಒಡೆಯತೊಡಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಈ ಕಪಾಟು ಎಕ್ಸ್‌ಪೋಷರ್ ಪೆಟ್ಟಿಗೆಯಷ್ಟೇ ಮುಖ್ಯವಾದದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಶ್ರಾವಣದ ಮೊದಲ ವಾರ ಆರುನೂರು ತಾಂಬೂಲದ ಚೀಲಗಳ ಕೆಲಸ ಬಂತು. ಕಳಸದ ಚಿತ್ರ, ಎರಡು ಹೆಸರು, ಛತ್ರದ ವಿಳಾಸ. ಹೊರಗೆ ಬಿಡದೆ ಜಡಿಮಳೆ ಸುರಿಯುತ್ತಿದ್ದ ಮಧ್ಯಾಹ್ನ ಐದು ನಿಮಿಷಕ್ಕೆ ಎಕ್ಸ್‌ಪೋಸ್ ಮಾಡಿ, ತೊಳೆದು, ಒಣಗಿಸಿ, ಪಾಸಿಟಿವ್ ಇಲ್ಲದೆ ಒಳಬದಿಗೆ ಇನ್ನೂ ಹತ್ತು ನಿಮಿಷ ಬೆಳಕು ಕೊಟ್ಟೆ. ತೊಳೆದ ಮೇಲೂ ಅಳಿದುಳಿದ ಡಯಾಜೊ ಇದ್ದರೆ ಅದು ಆಗ ಬಳಕೆಯಾಗಿ, ನೀರು ಬೆರೆಸುವ ಬಣ್ಣಕ್ಕೂ ಪದರ ಜಗ್ಗದಂತಾಗುತ್ತದೆ. ಆರುನೂರು ಎಳೆತ ಮುಗಿದಾಗಲೂ ‘ಲಕ್ಷ್ಮೀ’ಯ ಒತ್ತು ತೆರೆದೇ ಇತ್ತು, ಒಂದು ಪಿನ್‌ಹೋಲನ್ನು ಮಾತ್ರ ಟೇಪು ಹಚ್ಚಿ ಮುಚ್ಚಬೇಕಾಯಿತು.

ಕೆಲಸ ಮುಗಿದ ಸ್ಕ್ರೀನನ್ನು ಬಿಚ್ಚುವುದೂ ಇದೇ ಕತೆಯ ಭಾಗ. ಅಡ್ಡಬಂಧ ಬಿದ್ದ ಪದರವನ್ನು ನೀರು ಕರಗಿಸಲಾರದು, ಸೋಪೂ ಕರಗಿಸಲಾರದು. ಮಾರುಕಟ್ಟೆಯಲ್ಲಿ ಸಿಗುವ ಎಮಲ್ಶನ್ ರಿಮೂವರಿನಲ್ಲಿರುವ ಸೋಡಿಯಂ ಪೆರಿಯೊಡೇಟ್ ಅಡ್ಡಬಂಧಗಳ ತಂಟೆಗೇ ಹೋಗುವುದಿಲ್ಲ. ಪಾಲಿವಿನೈಲ್ ಆಲ್ಕೊಹಾಲಿನ ಸರಪಳಿಯಲ್ಲಿ ಅಲ್ಲಲ್ಲಿ ಎರಡು ಆಲ್ಕೊಹಾಲ್ ಗುಂಪುಗಳು ಪಕ್ಕಪಕ್ಕದ ಇಂಗಾಲಗಳ ಮೇಲೆ ಬಂದಿರುವ ಜಾಗಗಳನ್ನು ಹುಡುಕಿ ಅಲ್ಲಿ ಸರಪಳಿಯನ್ನೇ ತುಂಡರಿಸುತ್ತದೆ. ಗಂಟು ಬಿಚ್ಚುವ ಬದಲು ದಾರವನ್ನು ಕತ್ತರಿಸಿದಂತೆ ಬಲೆ ಚೂರುಚೂರಾಗಿ ನೀರಿನೊಡನೆ ಇಳಿಯುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿ, ಬ್ರಷ್ಷಿನಲ್ಲಿ ಎರಡೂ ಬದಿಗೆ ಹಚ್ಚಿ, ಒಂದೆರಡು ನಿಮಿಷ ಬಿಟ್ಟು ಜೋರಾಗಿ ನೀರು ಹೊಡೆದರೆ ಹಳದಿ ಮೆಶ್ ಮತ್ತೆ ಬರಿದಾಗುತ್ತದೆ. ರಿಮೂವರನ್ನು ಮೆಶ್ಶಿನ ಮೇಲೆ ಒಣಗಲು ಬಿಡಬಾರದು, ಒಣಗಿದರೆ ಪದರ ಕಾಯಮ್ಮಾಗಿ ಕಚ್ಚಿಕೊಳ್ಳುತ್ತದೆ.

ಟ್ಯೂಬುಗಳ ಅತಿನೇರಳೆ ಬೆಳಕು ಉರಿದಂತೆಲ್ಲ ಕುಗ್ಗುತ್ತ ಹೋಗುತ್ತದೆ, ಕುಗ್ಗಿದ್ದು ಕಣ್ಣಿಗೆ ತಿಳಿಯುವುದಿಲ್ಲ. ಅದಕ್ಕಾಗಿ ತಿಂಗಳಿಗೊಮ್ಮೆ ರಟ್ಟಿನ ಪರೀಕ್ಷೆ ಮಾಡಿ, ಬಂದ ನಿಮಿಷವನ್ನು ತಾರೀಖಿನೊಡನೆ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ಬರೆಯುತ್ತಿದ್ದೇನೆ. ಕಳೆದ ತಿಂಗಳಿನ ಸಾಲಿನಲ್ಲಿ ಐದೂಮುಕ್ಕಾಲು ಎಂದಿದೆ.